ಮೈನಸ್ ಎಂಬತ್ತರ ಮರ್ಯಾದೆ

"ನಿನ್ನ ಕೈಗುಣಾನೇ ಸರಿ ಇಲ್ಲ" ಎಂದರು ಪ್ರೊಫೆಸರ್ ಲ್ವೆಬುಗ. "ತಿಂಗಳ ಕೊನೇಲಿ ಹಸಿರು ತೋರಿಸು. ಇಲ್ಲಾಂದ್ರೆ ಈ ಸಂಶೋಧನೆ ಬೇರೆಯವ್ರಿಗೆ. ನೀನು ಊರಿಗೆ ಹೋಗಿ ಟೀಚರ್ ಆಗು."

ಟೀಚರ್ ಆಗುವುದೇನೋ ಜೈಲಿಗೆ ಹೋದಂತೆ! ಸಂಶೋಧನಾ ವಿದ್ಯಾರ್ಥಿನಿ ನಾನ್ಸೆರೆಕೊ ತಲೆ ತಗ್ಗಿಸಿ ನಿಂತಿದ್ದಳು. ಜೀವಕೋಶಗಳೊಳಗೆ ಹಸಿರಾಗಿ ಹೊಳೆಯುವ ಜೀನೊಂದನ್ನು ಸೇರಿಸುವುದು ಅವಳ ಕೆಲಸ. ಸೇರಿದರೆ ಮೈಕ್ರೋಸ್ಕೋಪಿನಲ್ಲಿ ಹಸಿರು ಕಾಣಬೇಕು. ಐದು ತಿಂಗಳಿಂದ ಕಾಣುತ್ತಿದ್ದದ್ದು ಬರೀ ಕತ್ತಲೆ.

ನಾನು ಮುತ್ಯಾಬ, ಕಂಪಾಲದ ಈ ಲ್ಯಾಬಿನ ಟೆಕ್ನಿಷಿಯನ್. ಪ್ರೊಫೆಸರ್ ಸಾಹೇಬರು ಕೊನೆಯ ಸಲ ಪಿಪೆಟ್ ಹಿಡಿದಾಗ ನನ್ನ ತಲೆಯಲ್ಲಿ ಕೂದಲಿತ್ತು. ಆಮೇಲೆ ಅವರು ಹಿಡಿದದ್ದೆಲ್ಲ ಮೈಕು.

ಜೀನನ್ನು ಕೋಶದೊಳಕ್ಕೆ ಹೊತ್ತೊಯ್ಯುವುದು ಜಿಡ್ಡಿನ ಒಂದು ದ್ರಾವಣ. ಪುಟ್ಟ ಶೀಶೆ, ಹೊರದೇಶದ್ದು. ಮಾಮೂಲಿ ಫ್ರಿಜ್ಜಿನಲ್ಲಿಡಬೇಕು, ಹೆಪ್ಪುಗಟ್ಟಿತೋ ಕೆಟ್ಟಿತು. ಆದರೆ ಸಾಹೇಬರಿಗೆ ಮರ್ಯಾದೆಯ ಪ್ರಶ್ನೆ. "ಇಂಥಾದ್ದನ್ನ ಹಾಲಿನ ಪಕ್ಕ ಇಡ್ತಾರೇನ್ರೀ?" ಎಂದು ಮೈನಸ್ ಎಂಬತ್ತರ ಫ್ರೀಜರಿಗೆ ಹಾಕಿಸಿ ಬೀಗ ಜಡಿಸಿದರು. ಜನರೇಟರ್ ಇರುವುದು ಆ ಫ್ರೀಜರಿಗೆ ಮಾತ್ರ, ಅದರಲ್ಲೇ ಅವರ ಪ್ರತಿಷ್ಠೆಯೂ ಕೊರೆಯುತ್ತ ಕೂತಿದೆ. ಶೀಶೆಗೆ ಅವರ ಹೆಸರಿನ ಚೀಟಿ ಬಿತ್ತು, ಅಚ್ಚಾಗಿದ್ದ ಸೂಚನೆ ಸರಿಯಾಗಿ ಮುಚ್ಚಿಹೋಗುವಂತೆ. ಬೇಕಾದಾಗ ನಾನು ತೆಗೆದು ಕರಗಿಸಿ ಕೊಡುತ್ತಿದ್ದೆ. ಸಾಹೇಬರೇ ಇಡಿಸಿದ ಜಾಗ ತಪ್ಪಿರಬಹುದೆಂಬ ಅನುಮಾನ ಹೊಸ ಹುಡುಗಿಗೆ ಎಲ್ಲಿಂದ ಬರಬೇಕು?

ಅವಳು ಕೋಶಗಳನ್ನು ಬದಲಿಸಿದಳು. ಡಿಎನ್‌ಎಯನ್ನು ಮತ್ತೆ ಮತ್ತೆ ಶುದ್ಧ ಮಾಡಿದಳು. ಕೋಶ ಹೆಚ್ಚಿಸಿ ನೋಡಿದಳು, ಕಮ್ಮಿ ಮಾಡಿ ನೋಡಿದಳು, ಆಂಟಿಬಯಾಟಿಕ್ ಬಿಟ್ಟು ನೋಡಿದಳು. ಸಾಹೇಬರು ವಾರಕ್ಕೊಮ್ಮೆ ಬಂದು ಹೊಸ ತಪ್ಪು ಕಂಡುಹಿಡಿಯುತ್ತಿದ್ದರು. ಕೈ ನಡುಗುತ್ತದಂತೆ, ಉಸಿರು ಜೋರಂತೆ, ಜಡೆ ಉದ್ದವಂತೆ. ವಿಜ್ಞಾನ ಅಂದರೆ ಇದು! ಒಂದು ಸೋಮವಾರ ಆಕೆ ಜಡೆ ಕತ್ತರಿಸಿಕೊಂಡೇ ಬಂದಳು. ಕೋಶಗಳು ಆಗಲೂ ಹೊಳೆಯಲಿಲ್ಲ.

ತಿಂಗಳು ಮುಗಿಯಲು ನಾಲ್ಕು ದಿನವಿರುವಾಗ ಅವಳು ಮೇಲಿನ ಮಹಡಿಯ ಪಶುವೈದ್ಯರ ಲ್ಯಾಬಿನಿಂದ ಅದೇ ದ್ರಾವಣ ಒಂದಿಷ್ಟು ಬೇಡಿ ತಂದಳು. ಅಲ್ಲಿ ಅದನ್ನು ಸಾದಾ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟಿದ್ದರಂತೆ. ಎರಡೇ ದಿನ. ಪ್ಲೇಟಿನ ತುಂಬ ಹಸಿರು!

ಸಾಹೇಬರು ಬಗ್ಗಿ ನೋಡಿದರು. "ನಾನು ಹೇಳ್ಲಿಲ್ವಾ? ಎಲ್ಲಾ ಆ ಜಡೇದೇ ಕಿತಾಪತಿ!" ಎಂದು ಹೇಳಿ ಮೀಟಿಂಗಿಗೆ ಹೋದರು. ಸಂಶೋಧನೆ ಅವಳಿಗೇ ಉಳಿಯಿತು.

ಮಧ್ಯಾಹ್ನ ಗೇಟಿನ ಹೊರಗೆ ಮೊಟ್ಟೆ ಸುತ್ತಿದ ಚಪಾತಿ ತಿನ್ನುತ್ತಾ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನನಗೋ ಹುರುಪು ಏರಿತ್ತು.

"ಮೂರ್ಖ ಶಿಖಾಮಣಿ ಕಣಮ್ಮಾ ಅವ್ನು! ಚೀಟಿ ಅಂಟಿಸುವಾಗ್ಲೇ ಕೆಳಗೆ ಬರೆದಿದ್ದನ್ನ ಓದಿದ್ದೆ, ಹೆಪ್ಪುಗಟ್ಟಿಸಬೇಡಿ ಅಂತ. ಎಷ್ಟು ದಿನ ಮೂಗು ಕೊಯ್ಸ್ಕೋತಾನೋ ನೋಡೋಣಾಂತ ಸುಮ್ನಿದ್ದೆ."

ಅವಳ ನಗು ನಿಂತಿತು. "ಶೀಶೆ ಬಂದ ದಿನಾನೇ?"

"ಮತ್ತೆ? ಅವ್ನಿಗೆ ಬುದ್ಧಿ ಹೇಳೋಕೆ ನಂಗೇನು ಹುಚ್ಚಾ?"

ಅವಳು ಉಳಿದ ಚಪಾತಿಯನ್ನು ಕಾಗದದಲ್ಲಿ ಸುತ್ತಿಟ್ಟಳು. ನಮ್ಮಲ್ಲಿ ದೊಡ್ಡವರನ್ನು ಕರೆಯುವ ಹಾಗೆ 'ಸೆಬೊ' ಎಂದೇ ಕರೆದು ಮೆಲ್ಲಗೆ ಹೇಳಿದಳು: "ಅವ್ರಿಗೆ ಗೊತ್ತಿರ್ಲಿಲ್ಲ, ಸೆಬೊ. ನಿಮ್ಗೆ ಗೊತ್ತಿತ್ತು."

ಸಾಹೇಬರನ್ನು ಆಡಿಕೊಳ್ಳುವ ಇನ್ನೊಂದು ಮಾತು ನಾಲಿಗೆ ತುದಿಯಲ್ಲೇ ಇತ್ತು. ನಾಚಿಕೆಯಾಗಿ ನುಂಗಿಕೊಂಡೆ. ಅವಳು ಆಗಲೇ ಎದ್ದು ರಸ್ತೆ ದಾಟುತ್ತಿದ್ದಳು.