ಹೆರಾಲ್ಡ್ ಕಾರಿನ ಪ್ಲೇಟು

ಹೊನ್ನಾಳಿಯಲ್ಲಿ ಶೌಕತ್ ಅಲಿ ಯಾರು ಎಂದು ಕೇಳಿದರೆ ನಾಲ್ಕು ಜನ ತಲೆ ಕೆರೆದುಕೊಂಡಾರು. ಹೆರಾಲ್ಡ್ ಸಾಬರು ಎಂದರೆ ಮಾತ್ರ ಹೊಳೆಯಾಚೆಯವರೂ ಗ್ಯಾರೇಜಿನ ದಾರಿ ತೋರಿಸುತ್ತಾರೆ. ಹಾಗಂತ ಆ ಕಾರು ಅವನದಲ್ಲ. ಸಾಸ್ವೆಹಳ್ಳಿಯ ಸುತ್ತಮುತ್ತ ಮೂವತ್ತು ವರ್ಷ ನರ್ಸ್ ಕೆಲಸ ಮಾಡಿ ನಿವೃತ್ತಳಾದ ಉಡಚಮ್ಮನದು. ಬಿಳಿ ಬಣ್ಣದ ಸ್ಟ್ಯಾಂಡರ್ಡ್ ಹೆರಾಲ್ಡ್; ಅಂಥ ಕಾರು ತಯಾರಾಗುವುದು ನಿಂತು ಐವತ್ತು ವರ್ಷದ ಮೇಲಾಯಿತು. ಅದರ ಬಾನೆಟ್ ತೆಗೆಯುವುದನ್ನು ನೋಡಲೆಂದೇ ಜನ ನಿಲ್ಲುತ್ತಾರೆ. ಮೂತಿ, ದೀಪ, ಚಕ್ರದ ಮೇಲಿನ ತಗಡು ಎಲ್ಲ ಒಟ್ಟಿಗೇ ಮುಂದಕ್ಕೆ ಮಗುಚಿಕೊಂಡು ಎಂಜಿನ್ ಬರಿಮೈಯಲ್ಲಿ ನಿಂತುಬಿಡುತ್ತದೆ.

ಒಳಗೆ ಹೆರಾಲ್ಡಿನದು ಅಂತ ಉಳಿದಿರುವುದು ಕಡಿಮೆ. ಡೈನಮೋ ಇದ್ದ ಕಡೆ ಮಾರುತಿ ವ್ಯಾನಿನ ಆಲ್ಟರ್ನೇಟರ್. ವೈಪರ್ ಮೋಟಾರು ಅಂಬಾಸಡರಿನದು. ಬ್ರೇಕಿನ ರಬ್ಬರ್ ಪೈಪು ಜೀಪಿನದು. ರೇಡಿಯೇಟರ್ ಫ್ಯಾನು ಯಾವ ಗಾಡಿಯದೆಂದು ಶೌಕತ್‌ಗೇ ಮರೆತುಹೋಗಿದೆ. ಇದು ಯಾವ ಕಾರಮ್ಮ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ ಉಡಚಮ್ಮ, “ಸರ್ವಧರ್ಮ ಸಮ್ಮೇಳನ” ಎಂದು ಗೇರು ಹಾಕುತ್ತಿದ್ದಳು.

ಆಕೆ ಆ ಕಾರನ್ನು ಬಿಡದಿರಲು ಕಾರಣವಿತ್ತು. ನ್ಯಾಮತಿಯಲ್ಲಿರುವ ತಂಗಿ ಲಕ್ಷ್ಮೀದೇವಿಗೆ ಬಲಗಾಲು ಮಂಡಿಯಲ್ಲಿ ಮಡಚುವುದಿಲ್ಲ. ಹೆರಾಲ್ಡಿನ ಮುಂದಿನ ಸೀಟು ತಗ್ಗು. ಹಿಂದಕ್ಕೆ ಸರಿಸಿದರೆ ಕಾಲು ಚಾಚಿಕೊಂಡು ಕೂರಬಹುದು. ಎರಡು ಬಾಡಿಗೆ ಕಾರುಗಳಲ್ಲಿ ಹತ್ತಿಸಿ ಇಳಿಸುವಾಗ ಲಕ್ಷ್ಮೀದೇವಿ ಅತ್ತ ಮೇಲೆ ಉಡಚಮ್ಮ ಬೇರೆ ಕಾರಿನ ಮಾತೆತ್ತಲಿಲ್ಲ.

ಶೌಕತ್‌ಗೆ ಹೆಸರು ತಂದದ್ದು ಒಂದು ಪ್ಲೇಟು. ಇಪ್ಪತ್ತೈದು ವರ್ಷದ ಹಿಂದೆ ಹೆರಾಲ್ಡಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಪೂರ್ತಿ ಹಾಳಾದಾಗ ಅವನು ಫಿಯೆಟ್ ಕಾರಿನದನ್ನು ತಂದಿದ್ದ. ಅದರ ಬೋಲ್ಟಿನ ತೂತುಗಳು ಹೆರಾಲ್ಡಿನ ಎಂಜಿನ್ನಿಗೆ ಹೊಂದಲಿಲ್ಲ. ಆಗ ಹೆಬ್ಬೆರಳು ದಪ್ಪದ ಅಲ್ಯೂಮಿನಿಯಂ ತುಂಡೊಂದನ್ನು ಕೊರೆದು, ಉಜ್ಜಿ, ಎರಡರ ನಡುವೆ ಕೂರಿಸಿದ. ಕಾರು ಓಡಿತು. ದಾವಣಗೆರೆಯ ದೊಡ್ಡ ಗ್ಯಾರೇಜಿನವರೂ ಬಂದು ನೋಡಿ ಹೋದರು. ಮಲಗಿದಲ್ಲೇ ಹೊಳೆದದ್ದು ಎಂದು ಶೌಕತ್ ಎಲ್ಲರಿಗೂ ಹೇಳುತ್ತಿದ್ದ. ಪ್ಲೇಟಿನ ಪಕ್ಕದ ಅಂಚಿನಲ್ಲಿ ಸ್ಕ್ರೂ ಹಾಕಿ ಮುಚ್ಚಿದ ಒಂದು ಸಣ್ಣ ತೂತಿತ್ತು. ಅದೇನೆಂದು ಕೇಳಿದರೆ, ಆಕ್ಸಿಲರೇಟರ್ ವೈರು ಹಿಡಿಸಲು ಹೋಗಿ ತಪ್ಪಿ ಕೊರೆದದ್ದು ಎಂದು ನಗುತ್ತಿದ್ದ. ಕಾರಿಗೆ ಉಳಿದ ರೋಗ ಒಂದೇ: ಎಂಜಿನ್ ಸದಾ ಎಣ್ಣೆ ಸೋರುತ್ತಿತ್ತು, ಒಳಗೆ ಕೂತವರಿಗೆ ಕಮಟು ವಾಸನೆ ಬರುತ್ತಿತ್ತು. ಪ್ಯಾಕಿಂಗ್ ಎಷ್ಟು ಸಲ ಬದಲಿಸಿದರೂ ಅಷ್ಟೇ.

ಹೋದ ಮಾಘದಲ್ಲಿ, ಆ ಪ್ಲೇಟು ಕೂತಿದ್ದ ಮ್ಯಾನಿಫೋಲ್ಡೇ ಬಿರುಕು ಬಿಟ್ಟಿತು. ಎಂಜಿನ್ನಿಗೆ ಗಾಳಿ, ಪೆಟ್ರೋಲು ಹಂಚುವ ಆ ಎರಕದ ಕೊಳವೆಗೆ ಬದಲಾಗಿ ಬೇರೆ ಯಾವ ಕಾರಿನದೂ ಆಗುವುದಿಲ್ಲ. ಇನ್ನೊಂದು ಹೆರಾಲ್ಡೇ ಬೇಕು. ಲಾರಿ ಬುಕಿಂಗ್ ಆಫೀಸಿನ ಪ್ರವೀಣ್ ಕುಮಾರ್ ನಾಲ್ಕು ಕಡೆ ಫೋನ್ ಮಾಡಿ ಕೊನೆಗೆ ಒಂದನ್ನು ಹುಡುಕಿದ. ಜಗಳೂರಿನಲ್ಲಿ, ನಾಗೇಂದ್ರಪ್ಪ ಎಂಬವರ ಹಿತ್ತಲ ಶೆಡ್ಡಿನಲ್ಲಿ, ಅವರ ತಂದೆ ಓಡಿಸುತ್ತಿದ್ದ ಹೆರಾಲ್ಡ್ ನಿಂತಿದೆಯಂತೆ.

ಶೌಕತ್ ಮತ್ತು ಉಡಚಮ್ಮ ಬಸ್ಸಿನಲ್ಲಿ ಹೋದರು. ನಾಗೇಂದ್ರಪ್ಪ ಶೇಂಗಾ ಚೀಲಗಳನ್ನು ಸರಿಸಿ ಜಾಗ ಮಾಡಿಕೊಟ್ಟರು.

“ನೋಡ್ರಿ, ನಮ್ಮಪ್ಪ ಹೋದ್ಮೇಲೆ ಯಾರೂ ಮುಟ್ಟಿಲ್ಲ. ಏನು ಬೇಕೋ ಬಿಚ್ಚಿಕೊಳ್ರಿ. ಸ್ಟೇರಿಂಗ್ ಮಾತ್ರ ಬಿಡ್ರಿ, ಅದು ನನಗಿರ್ಲಿ.”

ಗಾಜಿನ ಮೇಲೆ ತೊಂಬತ್ತಾರನೇ ಇಸವಿಯ ಟ್ಯಾಕ್ಸ್ ಚೀಟಿ ಇನ್ನೂ ಅಂಟಿಕೊಂಡಿತ್ತು. ಶೌಕತ್ ಬೀಗ ಬಿಡಿಸಿ ಬಾನೆಟ್ಟನ್ನು ಮುಂದಕ್ಕೆ ಮಗುಚಿದ. ಕೋಳಿಪುಕ್ಕ, ಇಲಿ ಕಡಿದ ರಬ್ಬರು, ಧೂಳು. ಧೂಳನ್ನು ಊದಿ ನೋಡಿದರೆ ಮ್ಯಾನಿಫೋಲ್ಡಿನ ಮೇಲೆ ಫಿಯೆಟ್ಟಿನ ಕಾರ್ಬೊರೇಟರ್. ಎರಡರ ನಡುವೆ ಅವನದೇ ಪ್ಲೇಟು.

ಅವನು ಬಟ್ಟೆಯಿಂದ ಒರೆಸಿದ. ಅದೇ ದಪ್ಪ, ಅದೇ ಓರೆಯಾಗಿ ಉಜ್ಜಿದ ಮೂಲೆ. ಅಂಚಿನಲ್ಲಿ ಬೆರಳಾಡಿಸಿದಾಗ ಆ ಸಣ್ಣ ತೂತೂ ಸಿಕ್ಕಿತು. ಅದೇ ಜಾಗ. ಇಲ್ಲಿ ಸ್ಕ್ರೂ ಇರಲಿಲ್ಲ, ಅಷ್ಟೇ.

“ಇದನ್ನ ಯಾರು ಮಾಡಿದ್ರು?”

“ಚನ್ನಗಿರಿ ಮೆಕ್ಯಾನಿಕ್ಕು ಅಂತಿದ್ರು ನಮ್ಮಪ್ಪ. ಕೆಂಚೇಶ್ ಅಂತೇನೋ.”

ಶೌಕತ್‌ನ ಕಣ್ಣು ಮತ್ತೆ ಗಾಜಿನ ಮೇಲಿನ ಟ್ಯಾಕ್ಸ್ ಚೀಟಿಗೆ ಹೋಯಿತು. ತನ್ನ ಪ್ಲೇಟು ತೊಂಬತ್ತೊಂಬತ್ತರದ್ದು. ಈ ಕಾರು ತೊಂಬತ್ತಾರರಿಂದ ಇಲ್ಲೇ ನಿಂತಿದೆ. ಕೆಂಚೇಶ ಯಾರೋ ಅಲ್ಲ. ಚನ್ನಗಿರಿಯ ಒಬ್ಬನೇ ಉಸ್ತಾದನ ಕೈಕೆಳಗೆ ಇಬ್ಬರೂ ಸ್ಪ್ಯಾನರ್ ಹಿಡಿದವರು. ಮಾತು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಶೌಕತ್‌ನ ಮಗಳು ಆಸ್ಮಾಳ ಮದುವೆಗೆ ಕೆಂಚೇಶ ಬರಲಿಲ್ಲ. ಕಾರ್ಡನ್ನು ಸ್ವಂತ ಕೈಯಿಂದ ಕೊಡದೆ ಯಾರ ಹತ್ತಿರವೋ ಕಳಿಸಿದ್ದಕ್ಕೆ ಸಿಟ್ಟು ಎಂದು ಶೌಕತ್ ಅಂದುಕೊಂಡಿದ್ದ. ಅಷ್ಟಕ್ಕೆ ಸಿಟ್ಟಾಗುವವನ ಮನೆಗೆ ನಾನ್ಯಾಕೆ ಹೋಗಲಿ ಎಂದು ತಾನೂ ಬಿಗಿದುಕೊಂಡಿದ್ದ.

“ಏನ್ ಸಾಬ್ರೆ, ಮಂಕು ಬಡ್ದೋರಂಗೆ ನಿಂತ್ರಿ? ಆಗ್ತೈತೋ ಇಲ್ಲೋ?” ಎಂದಳು ಉಡಚಮ್ಮ.

“ಆಗ್ತೈತಮ್ಮ, ಆಗ್ತೈತೆ,” ಎಂದ. ಅದೇನು ಆಗುತ್ತದೆ ಎಂದು ಅವನಿಗೇ ತಿಳಿಯಲಿಲ್ಲ.

ಮ್ಯಾನಿಫೋಲ್ಡನ್ನು ಪ್ಲೇಟಿನ ಸಮೇತ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ತಂದ. ತಂದವನು ಕಾರಿಗೆ ಹಾಕಲಿಲ್ಲ. ಎರಡು ದಿನ ಎರಡೂ ಪ್ಲೇಟುಗಳನ್ನು ಮೇಜಿನ ಮೇಲಿಟ್ಟುಕೊಂಡು ಒಂದನ್ನು ಎತ್ತಿ ನೋಡುವುದು, ಇನ್ನೊಂದನ್ನು ಎತ್ತಿ ನೋಡುವುದು. ಪ್ಲೇಟಿನ ಆಕಾರ ಹೊಂದಿದ್ದು ಕಾಕತಾಳೀಯ ಎನ್ನಬಹುದು. ತಪ್ಪಿ ಕೊರೆದ ತೂತೂ ಒಂದೇ ಜಾಗದಲ್ಲಿ ಹೇಗೆ ಬರುತ್ತದೆ? ಅವನು ಜಗಳೂರಿಗೆ ಹಿಂದೆಂದೂ ಕಾಲಿಟ್ಟವನಲ್ಲ. ಈ ಪ್ಲೇಟನ್ನು ಕಣ್ಣಾರೆ ನೋಡಿಯೇ ಇಲ್ಲ. ನೋಡದೆ ಕದಿಯುವುದು ಹೇಗೆ?

ಮೂರನೇ ದಿನ ಊಟದ ಹೊತ್ತಿಗೆ ಹೆಂಡತಿ ಗುಲ್ಜಾರ್‌ಬೀಯನ್ನು ಕೇಳಿದ. “ನಾನು ಈ ಪ್ಲೇಟು ಮಾಡಿದ್ದು ನಿನಗೆ ನೆನಪೈತಾ?”

“ಇಲ್ದೆ ಏನು? ನಿಮಗೆ ಟೈಫಾಯ್ಡ್ ಆಗಿತ್ತಲ್ಲ, ಆಗ. ಜ್ವರದಾಗೆ ಮೂರು ದಿನ ತೂತು, ತೂತು ಅಂತ ಬಡಬಡಿಸ್ತಿದ್ರಿ. ನಾನು ಹೆದ್ರಿ ತಾಯಿತ ಕಟ್ಟಿಸ್ದೆ.”

“ಆಗ ಕೆಂಚೇಶ ಬಂದಿದ್ನಾ?”

“ಬರದೇ ಇರ್ತಾರಾ? ಆಗ ನೀವಿಬ್ರೂ ಒಂದೇ ತಟ್ಟೇಲಿ ಉಣ್ಣೋರು. ದಿನಾ ಎಳನೀರು ತರ್ತಿದ್ರು.”

ಶೌಕತ್ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ಕೆಂಚೇಶ ಬಂದದ್ದು ಅವನ ನೆನಪಿನಲ್ಲಿ ಎಲ್ಲೂ ಇರಲಿಲ್ಲ. ಮಂಚ ನೆನಪಿತ್ತು, ತಲೆಯ ಮೇಲೆ ಕರಕರ ಎನ್ನುವ ಫ್ಯಾನು ನೆನಪಿತ್ತು. ಪ್ಲೇಟು ಇಡಿಯಾಗಿ ಕಣ್ಣ ಮುಂದೆ ಬಂದು ನಿಂತದ್ದು ನೆನಪಿತ್ತು. ಮಂಚದ ಪಕ್ಕ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಜಗಳೂರಿನ ಪ್ಲೇಟನ್ನು ಕೈಚೀಲಕ್ಕೆ ಹಾಕಿಕೊಂಡು ಚನ್ನಗಿರಿಯ ಬಸ್ಸು ಹತ್ತಿದ. ಕೆಂಚೇಶ ಈಗ ಕಾರು ರಿಪೇರಿ ಬಿಟ್ಟು ಅಡಿಕೆ ಸುಲಿಯುವ ಮೆಷಿನ್ ರಿಪೇರಿ ಮಾಡುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಶೌಕತ್‌ನನ್ನು ನೋಡಿ, ಕೈಲಿದ್ದ ಬೆಲ್ಟನ್ನು ಕೆಳಗಿಟ್ಟು, ಸ್ಟೂಲು ತಳ್ಳಿದ.

“ಬರ್ರಿ. ಕೂತ್ಕೊಳ್ರಿ.”

ಲೇ ಎಂದು ಬೈದಿದ್ದರೆ ಚೆನ್ನಾಗಿತ್ತು. ಆ ‘ರಿ’ ಶೌಕತ್‌ಗೆ ಚುಚ್ಚಿತು. ಚೀಲದಿಂದ ಪ್ಲೇಟು ತೆಗೆದು ತೊಡೆಯ ಮೇಲಿಟ್ಟುಕೊಂಡ. “ಇದು ಜಗಳೂರಾಗೆ ಸಿಕ್ತು. ನಿಂದಂತೆ.”

“ಹೌದ್ರಿ, ನಂದು.”

“ಮತ್ತೆ ನಂದು?”

ಕೆಂಚೇಶ ಅವನ ಮುಖವನ್ನೇ ನೋಡಿದ. ಹುಡುಗಾಟವೋ, ನಿಜವಾಗಿ ಕೇಳುತ್ತಿದ್ದಾನೋ ಎಂದು ಅಳೆಯುವವನಂತೆ. “ನಾನೊಂದು ಕೇಳ್ತೀನಿ, ಹೇಳ್ರಿ. ಪಕ್ಕದ ತೂತಿಗೆ ಸ್ಕ್ರೂ ಹಾಕಿದ್ಯಾಕೆ?”

“ಅದು ತಪ್ಪಿ ಕೊರ್ದಿದ್ದು. ಆಕ್ಸಿಲರೇಟರ್ ವೈರು ಹಿಡಿಸಾಕೆ ಅಂತ ಹೋಗಿ...”

“ಯಾವ ವೈರ್ರಿ? ವೈರು ಬರೋದು ಆ ಕಡೆಯಿಂದ. ಈ ಕಡೆಗೆ ತೂತು ಯಾಕೆ ಬೇಕು?”

ಶೌಕತ್ ಕಣ್ಣು ಮುಚ್ಚಿ ಎಂಜಿನ್ನನ್ನು ನೆನೆದ. ಸಾವಿರ ಸಲ ಕೈಯಾಡಿಸಿದ ಎಂಜಿನ್ನು. ವೈರು ಆ ಕಡೆಯಿಂದಲೇ ಬರುತ್ತಿತ್ತು. ಇಪ್ಪತ್ತೈದು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದ ಮಾತು, ಒಂದು ಸಲವಾದರೂ ಹೌದೇ ಎಂದು ಬಗ್ಗಿ ನೋಡಿರಲಿಲ್ಲ.

“ಅದು ತಪ್ಪು ತೂತಲ್ಲ,” ಎಂದ ಕೆಂಚೇಶ. “ಎಂಜಿನ್ ಹೊಟ್ಟೇಲಿ ಹೊಗೆ ಕಟ್ಕೊಂತೈತಲ್ಲ, ಮೇಲಿನ ಕವರಿಂದ ಒಂದು ಸಣ್ಣ ಪೈಪ್ ತಂದು ಆ ತೂತಿಗೆ ಕೊಟ್ರೆ ಎಂಜಿನ್ನೇ ಅದನ್ನ ಎಳ್ಕೊಂಡು ಸುಟ್ಟು ಹಾಕ್ತೈತೆ. ಮುಚ್ಚಿದ್ರೆ ಒತ್ತಡ ತುಂಬಿ ಸಿಕ್ಕ ಸಿಕ್ಕ ಸಂದೀಲಿ ಎಣ್ಣೆ ದಬ್ಬತೈತೆ. ನಿಮ್ಮ ನರ್ಸಮ್ಮನ ಕಾರು ಎಣ್ಣೆ ಸೋರ್ತಿತ್ತಲ್ಲ?”

“ಈಗಲೂ ಸೋರ್ತೈತೆ.”

“ನಾನು ನೋಡಿದ್ದೆ. ನಿಮ್ಮ ಮಗಳ ಮದ್ವೆಗೆ ಮುಂಚೆ ಒಂದ್ಸಲ ಆಯಮ್ಮ ಚನ್ನಗಿರಿಗೆ ಬಂದಾಗ ಗಾಡಿ ನಿಂತಿತ್ತು, ನಾನೇ ಬಾನೆಟ್ ಎತ್ತಿದ್ದು. ನೋಡಿದ್ರೆ ನಾನು ಹೇಳ್ಕೊಟ್ಟ ಪ್ಲೇಟು, ಅದಕ್ಕೆ ಸ್ಕ್ರೂ. ಬೇಕಂತ್ಲೇ ಮುಚ್ಚಿದಾನೆ, ನನ್ನ ಗುರುತು ಉಳೀಬಾರ್ದು ಅಂತ, ತನ್ನದೇ ಅಂತ ಹೇಳ್ಕಂಡು ತಿರುಗಾಕೆ. ಹಂಗಂದ್ಕೊಂಡೆ. ಮದ್ವೆಗೆ ಬರಾಕೆ ಮನಸ್ಸಾಗ್ಲಿಲ್ಲ.”

ಶೌಕತ್ ಸ್ಟೂಲಿನಿಂದ ಎದ್ದ, ಮತ್ತೆ ಕೂತ. ಕಾರ್ಡಿನ ಸಿಟ್ಟು ಎಂದು ಅವನು ಇಷ್ಟು ವರ್ಷ ಹೊತ್ತುಕೊಂಡಿದ್ದದ್ದು ಈಗ ಎಲ್ಲಿಡಬೇಕೆಂದು ತೋಚಲಿಲ್ಲ.

“ನೀನು ಹೇಳ್ಕೊಟ್ಟಿದ್ದು ಯಾವಾಗ?”

“ಟೈಫಾಯ್ಡ್ ಮಲಗಿದ್ದಾಗ. ನಿಂಗೆ ಬೇಜಾರು ಕಳೀಲಿ ಅಂತ ಜಗಳೂರಿನ ಕಾರಿನ ಕತೆ ಹೇಳ್ತಿದ್ದೆ. ರಕ್ತ ಪರೀಕ್ಷೆ ಚೀಟಿ ಹಿಂದೆ ಬರೆದು ತೋರ್ಸಿದ್ದೆ. ನೀನು ಕಣ್ಣು ಬಿಟ್ಕೊಂಡು ಹೂಂ, ಹೂಂ ಅಂತಿದ್ದೆ.”

‘ನೀನು’ ಎಂದದ್ದನ್ನು ಶೌಕತ್ ಗಮನಿಸಿದ. ಕೆಂಚೇಶ ಗಮನಿಸಿರಲಿಲ್ಲ.

“ಅಲ್ಲಾನಾಣೆ ಕೆಂಚ, ನೀನು ಬಂದಿದ್ದೇ ನನಗೆ ಗೊತ್ತಿಲ್ಲ. ಪ್ಲೇಟು ಮಾತ್ರ ಗೊತ್ತು. ನಾನೇ ಕಂಡ್ಹಿಡ್ದೆ ಅಂತ ಈಗಲೂ ಅನ್ನಿಸ್ತೈತೆ. ನೀನು ಹೇಳಿದ್ದು ನಿಜ ಅಂತಾನೂ ಗೊತ್ತಾಗ್ತೈತೆ. ಎರಡೂ ಒಂದೇ ತಲೇಲಿ ಹೆಂಗೆ ಇರ್ತವೆ?”

ಕೆಂಚೇಶ ಕೈ ಒರೆಸಿಕೊಂಡು ಒಳಗೆ ಹೋದ, ತಾಮ್ರದ ಸಣ್ಣ ಕೊಳವೆಯ ತುಂಡೊಂದನ್ನು ಹುಡುಕಿ ತಂದ. “ನಡಿ. ಬಸ್ಸು ಹನ್ನೊಂದೂವರೆಗೈತೆ.”

ಮಧ್ಯಾಹ್ನ ಇಬ್ಬರೂ ಹೊನ್ನಾಳಿಯ ಗ್ಯಾರೇಜಿನಲ್ಲಿ ಹೆರಾಲ್ಡಿನ ಎರಡು ಪಕ್ಕ ಬಗ್ಗಿ ನಿಂತರು. ಯಾವ ಪ್ಲೇಟು ಹಾಕುವುದೆಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ನಿನ್ನದನ್ನೇ ಹಾಕು ಎಂದು ಶೌಕತ್, ನಿನ್ನದು ಚೊಕ್ಕ ಉಜ್ಜಿದೆ ಎಂದು ಕೆಂಚೇಶ. ಕೊನೆಗೆ ಶೌಕತ್‌ನ ಪ್ಲೇಟಿನ ಸ್ಕ್ರೂ ತೆಗೆಯಲು ಹೋದರೆ ತುಕ್ಕು ಹಿಡಿದು ತಲೆ ಮುರಿಯಿತು; ಜಗಳೂರಿನದೇ ಕೂತಿತು. ತಾಮ್ರದ ಕೊಳವೆ ತೂತಿಗೆ ಅಳತೆ ತೆಗೆದಂತೆ ಹೊಂದಿತು. ಕಾರು ಶುರುವಾಯಿತು. ಅರ್ಧ ಗಂಟೆ ಓಡಿಸಿಟ್ಟು ಕೆಳಗೆ ಹಾಸಿದ ಪೇಪರು ನೋಡಿದರು. ಒಂದು ಹನಿ ಇರಲಿಲ್ಲ. ಶೌಕತ್ ಖುಷಿಪಡಬೇಕೋ ನಾಚಬೇಕೋ ತಿಳಿಯದೆ ಪೇಪರನ್ನು ಮಡಚಿ ಜೇಬಿಗಿಟ್ಟುಕೊಂಡ.

ಸಂಜೆ ಬಂದ ಉಡಚಮ್ಮನಿಗೆ ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಆಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

“ಅಂದ್ರೆ ಇಪ್ಪತ್ತೈದು ವರ್ಷ ನನ್ನ ಸೀರೆಗೆಲ್ಲ ಎಣ್ಣೆ ವಾಸನೆ ಬಂದಿದ್ದು ಒಂದು ಸ್ಕ್ರೂನಿಂದಾನಾ?”

“ಹೌದಮ್ಮ. ನಾನು ಹಾಕಿದ ಸ್ಕ್ರೂ.”

ಬೈಯುತ್ತಾಳೆಂದು ಇಬ್ಬರೂ ಕಾದರು. ಉಡಚಮ್ಮ ಕೆಂಚೇಶನ ಕಡೆ ತಿರುಗಿದಳು. “ನಾನು ಜ್ವರ ಬಂದೋರನ್ನ ಬಾಳ ನೋಡೀನಪ್ಪ. ನೂರಾ ನಾಲ್ಕು ಡಿಗ್ರಿ ಇದ್ದಾಗ ಕೇಳಿದ್ದು ಕಿವಿಯಿಂದ ಬಂತೋ ತಲೇಲೇ ಹುಟ್ಟಿತೋ ಅವರಿಗೆ ಗೊತ್ತಾಗಲ್ಲ. ಸತ್ತೋದ ಅತ್ತೆ ಜೊತೆ ಜಗಳ ಆಡಿದೋರ್ನ ನೋಡೀನಿ. ಇವ್ರು ಸುಳ್ಳು ಹೇಳ್ತಿಲ್ಲ.” ಆಮೇಲೆ ಶೌಕತ್‌ಗೆ, “ಆದ್ರೆ ನೀವು ಒಂದು ಮಾತು ಕೇಳಬೋದಿತ್ತು ಸಾಬ್ರೆ. ಗೆಳೆಯ ಯಾಕೆ ಬರ್ಲಿಲ್ಲ ಅಂತ.”

“ಇವನೂ ಕೇಳಬೋದಿತ್ತು,” ಎಂದ ಶೌಕತ್.

“ಕೇಳಬೋದಿತ್ತು,” ಎಂದ ಕೆಂಚೇಶ.

ಭಾನುವಾರ ನಾಲ್ವರೂ ಹೆರಾಲ್ಡಿನಲ್ಲಿದ್ದರು. ಉಡಚಮ್ಮ ಸ್ಟೇರಿಂಗ್ ಮುಂದೆ. ಪಕ್ಕದಲ್ಲಿ ಕಾಲು ಚಾಚಿಕೊಂಡ ಲಕ್ಷ್ಮೀದೇವಿ. ಹಿಂದೆ ಮೆಕ್ಯಾನಿಕ್ಕುಗಳಿಬ್ಬರು, ಎಂಜಿನ್ ಸದ್ದಿಗೆ ಕಿವಿಗೊಟ್ಟು. ಲಕ್ಷ್ಮೀದೇವಿಗೆ ಮನೆಯಿಂದ ಹೊರಬಿದ್ದು ತಿಂಗಳಾಗಿತ್ತು. ಸುಮ್ಮನೆ ಸೂರಗೊಂಡನಕೊಪ್ಪದವರೆಗೆ ಹೋಗಿ ಬರೋಣ ಎಂದು ಆಕೆಯೇ ಹೇಳಿದ್ದಳು. ವಾಪಸು ಬರುವಾಗ ನ್ಯಾಮತಿಯ ಟೀ ಅಂಗಡಿಯ ಮುಂದೆ ನಿಲ್ಲಿಸಿದರು. ಅಂಗಡಿಯ ರಂಗಣ್ಣ ಲೋಟಗಳನ್ನು ಹಿಡಿದುಕೊಂಡೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದ.

“ಹೆರಾಲ್ಡ್ ಸಾಬ್ರ ಕೈಚಳಕ ಇದೇ ಅಲ್ವಾ?”

ಶೌಕತ್ ಇಡೀ ವಾರ ಈ ಪ್ರಶ್ನೆಗೆ ಉತ್ತರ ಜೋಡಿಸಿಟ್ಟುಕೊಂಡಿದ್ದ. ಯಾವುದು ಕೆಂಚೇಶನದು, ಯಾವುದು ತನ್ನದು, ಯಾವುದು ಜ್ವರದ್ದು, ಎಲ್ಲ ಬಿಡಿಸಿ ಹೇಳಬೇಕೆಂದು. ಕಾರಿನಿಂದ ಇಳಿದು ನಿಂತು ಗಂಟಲು ಸರಿಮಾಡಿಕೊಂಡ. “ನೋಡು ರಂಗಣ್ಣ, ಇದರಾಗೆ ಮುಖ್ಯ ಕೆಲಸ ನಂದಲ್ಲ, ಈ ಕೆಂಚೇಶಂದು. ಆದ್ರೆ ನಾನು...”

“ಅದಿರ್ಲಿ ಬಿಡ್ರಿ,” ಎಂದ ರಂಗಣ್ಣ ಟೀ ಕೊಡುತ್ತ. “ಲೀಟರಿಗೆ ಎಷ್ಟು ಕೊಡ್ತೈತೆ?”

“ಹನ್ನೆರಡು,” ಎಂದ ಶೌಕತ್.

“ಹದಿನಾಲ್ಕು,” ಎಂದ ಕೆಂಚೇಶ, ಅದೇ ಉಸಿರಿಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸೀಟಿನಿಂದ ಲಕ್ಷ್ಮೀದೇವಿ ಬಿಸ್ಕತ್ತು ಇದೆಯಾ ಎಂದು ಕೂಗಿ ಕೇಳಿದಳು.