ಬಿದ್ದರೂ ಕೆಡದ ಡಿಸ್ಕು

"ತಿರುಗೋದು ಬೇಕಾ, ತಿರುಗದೇ ಇರೋದು ಬೇಕಾ?" ಎನ್ನುತ್ತ ಕಂಪ್ಯೂಟರ್ ಅಂಗಡಿಯವನು ಎರಡು ಹಾರ್ಡ್ ಡಿಸ್ಕುಗಳನ್ನು ಗಾಜಿನ ಕೌಂಟರಿನ ಮೇಲಿಟ್ಟ. "ಈ ದಪ್ಪದ್ರಲ್ಲಿ ತಟ್ಟೆ ತಿರುಗ್ತಾ ಇರುತ್ತೆ. ಜಾಗ ಜಾಸ್ತಿ, ಆದ್ರೆ ಕೈಜಾರಿ ಬಿತ್ತೋ, ಗೋವಿಂದ. ಈ ಚಿಕ್ಕದ್ರೊಳಗೆ ತಿರುಗೋದೇನೂ ಇಲ್ಲ. ಬಿದ್ರೂ ಕೆಡಲ್ಲ."

"ಎಸೆದ್ರೆ?" ಎಂದಳು ಪುಟ್ಟಿ.

ಅವನು ನಕ್ಕ. "ಯಾರಮ್ಮಾ ಎಸೀತಾರೆ?"

ಪುಟ್ಟಿಗೆ ನಗು ಬರಲಿಲ್ಲ. ನಲವತ್ತರ ಹತ್ತಿರ ಬಂದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯೇ. ಅಣ್ಣ, ಅವಳು, ತಮ್ಮ ಗುಂಡ, ಮೂವರೂ ಸೇರಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಅಣ್ಣನಿಗೆ ಕೋಪ ಮೂಗಿನ ತುದಿಯಲ್ಲಿ. ಹನ್ನೊಂದು ದಿನಗಳ ಹಿಂದೆ ಗುಂಡ ಯಾರದೋ ಮದುವೆಯ ಚಿತ್ರಗಳಿದ್ದ ಕಾರ್ಡನ್ನು ಕಣ್ತಪ್ಪಿ ಅಳಿಸಿಬಿಟ್ಟ. ಅಷ್ಟಕ್ಕೇ ಅಣ್ಣ ಕ್ಯಾಮೆರಾ ನಿಲ್ಲಿಸುವ ಟ್ರೈಪಾಡ್ ಎತ್ತಿ ಅವನ ತಲೆಗೆ ಬಾರಿಸಿದ. ಒಂದಲ್ಲ, ನಾಲ್ಕು ಏಟು. ಲೈಟು ಕಟ್ಟುವಾಗ ಏಣಿಯಿಂದ ಬಿದ್ದು ಸತ್ತ ಎಂದು ಪೊಲೀಸರಿಗೆ ಹೇಳಿದ. ಅವರು ನಂಬಿದರು, ಸತ್ತವನು ಎದ್ದು ಬಂದು ಅಲ್ಲ ಅನ್ನುತ್ತಾನೆಯೇ? ಪುಟ್ಟಿಯೂ ನಂಬಿದ್ದಳು.

ಆದರೆ ಆ ದಿನ ಗುಂಡ ಸರಿಯಿದೆಯೇ ನೋಡಲೆಂದು ಇನ್ನೊಂದು ಕ್ಯಾಮೆರಾ ಚಾಲು ಮಾಡಿ ಮೂಲೆಯಲ್ಲಿಟ್ಟು ಮರೆತಿದ್ದ. ನಿನ್ನೆ ಅದರಲ್ಲಿದ್ದ ವಿಡಿಯೋವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡ ಪುಟ್ಟಿ ನಾಲ್ಕೂ ಏಟು ನೋಡಿದಳು. ಮುದಿ ಲ್ಯಾಪ್‌ಟಾಪು ಗಳಿಗೆಗೊಮ್ಮೆ ಕಣ್ಣು ಮುಚ್ಚುತ್ತಿತ್ತು. ಅದು ಪೂರ್ತಿ ಸಾಯುವ ಮೊದಲು ವಿಡಿಯೋವನ್ನು ಬೇರೆ ಕಡೆಗೆ ಹಾಕಿ ಠಾಣೆಗೆ ಮುಟ್ಟಿಸಬೇಕಿತ್ತು.

"ಚಿಕ್ಕದೇ ಕೊಡಿ," ಎಂದಳು. ಅಲ್ಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಪರದೆಯ ಮೇಲಿನ ಗೀಟು ಮೆಲ್ಲಗೆ ತುಂಬಿ, ವಿಡಿಯೋ ಡಿಸ್ಕಿಗೆ ಹೋಗಿ ಮುಗಿಯಿತು. ಆಗಲೇ ಬಾಗಿಲು ಗೋಡೆಗೆ ಬಡಿಯಿತು.

ಸ್ಟುಡಿಯೋದ ಮೂಲೆಯಲ್ಲಿ ಆ ಕ್ಯಾಮೆರಾ ಕಂಡು, ಲ್ಯಾಪ್‌ಟಾಪು ಕಾಣದೆ, ವಿಷಯ ಹೊಳೆದು ಅಣ್ಣ ನೆಟ್ಟಗೆ ತಾವು ಯಾವಾಗಲೂ ಬರುವ ಈ ಅಂಗಡಿಗೇ ಬಂದಿದ್ದ. ತಂಗಿಯ ಜುಟ್ಟು ಹಿಡಿದು ಮುಖವನ್ನು ಗಾಜಿಗೆ ಅಪ್ಪಳಿಸಿದ. ಗಾಜು ಬಿರಿಯಿತು, ಮೂಗಿನಿಂದ ರಕ್ತ ದಳದಳನೆ ಸುರಿಯಿತು. ಬಿಡಿಸಲು ಬಂದ ಅಂಗಡಿಯವನ ಬಾಯಿಗೆ ಮೊಣಕೈ ಬಿದ್ದು ಹಲ್ಲೊಂದು ಉದುರಿತು. ಅಣ್ಣ ಡಿಸ್ಕನ್ನು ಕಿತ್ತು ಗೋಡೆಗೆ ಎಸೆದ. ಅದಕ್ಕೆ ಏನೂ ಆಗಲಿಲ್ಲ. ಕಬ್ಬಿಣದ ಸ್ಟೂಲು ಎತ್ತಿ ಅದರ ಮೇಲೆ ಕುಟ್ಟಿದ, ಚೂರುಚೂರಾಗುವವರೆಗೂ ಕುಟ್ಟಿದ. ಬಿದ್ದರೂ ಕೆಡಲ್ಲ ಎಂದಿದ್ದನೇ ಹೊರತು ಸ್ಟೂಲಿನ ವಿಷಯ ಅಂಗಡಿಯವನೂ ಹೇಳಿರಲಿಲ್ಲ.

ಆಮೇಲೆ ಅಣ್ಣ ಏದುಸಿರು ಬಿಡುತ್ತ ಕೇಳಿದ. "ಕಾಪಿ ಮಾಡಿದ್ಯಾ, ಕಟ್ ಮಾಡಿದ್ಯಾ?"

ಪುಟ್ಟಿ ಲ್ಯಾಪ್‌ಟಾಪಿನ ಪರದೆ ನೋಡಿದಳು. ಕಾಪಿ ಮಾಡಿದರೆ ಜಾಗ ದಂಡ, ಕಟ್ ಮಾಡಿ ಹಾಕು, ಕಾರ್ಡು ಆಗಿಂದಾಗ್ಗೆ ಖಾಲಿ ಮಾಡು ಎಂದು ಇಪ್ಪತ್ತು ವರ್ಷ ತಲೆಗೆ ಮೊಟಕಿ ಮೊಟಕಿ ಕಲಿಸಿದವನು ಇದೇ ಅಣ್ಣ. ತಲೆ ಕೆಟ್ಟಿದ್ದ ಹೊತ್ತಿನಲ್ಲಿ ಬೆರಳುಗಳು ತಮಗೆ ಗೊತ್ತಿದ್ದನ್ನೇ ಮಾಡಿದ್ದವು. ಫೋಲ್ಡರು ಖಾಲಿ, ವಿಡಿಯೋ ಇದ್ದದ್ದು ಚೂರಾದ ಆ ಡಿಸ್ಕಿನಲ್ಲಿ ಮಾತ್ರ.

"ಕಟ್," ಎಂದಳು.

"ಕ್ಯಾಮೆರಾ ಕಾರ್ಡು?"

"ನಿನ್ನೆನೇ ಖಾಲಿ ಮಾಡ್ದೆ."

"ಜಾಣೆ," ಎಂದ ಅಣ್ಣ. ಅಂಗಿಯ ಚುಂಗಿನಿಂದ ಅವಳ ಮೂಗು ಒರೆಸಲು ಬಂದ. "ಬಾ, ಮನೆಗೆ ಹೋಗೋಣ. ಅಮ್ಮಂಗೆ ಜಾರಿ ಬಿದ್ದೆ ಅನ್ನು."

ಅವಳಿಗೆ ತನ್ನ ಕೈಗಳನ್ನೇ ಕಡಿದು ಹಾಕಬೇಕು ಅನ್ನಿಸಿತು. "ನೀನು ಆ ವಿಡಿಯೋ ನೋಡಿದ್ಯಾ?" ಎಂದಳು.

"ನಾನ್ಯಾಕೆ ನೋಡ್ಲಿ?"

"ಮೂರನೇ ಏಟು ಬಿದ್ಮೇಲೆ ಗುಂಡ ಒಂದು ಮಾತಂದ. ನೀನು ಕೂಗಾಡ್ತಿದ್ದೆ, ನಿಂಗೆ ಕೇಳ್ಸಿಲ್ಲ."

ಅಣ್ಣನ ಅಂಗೈ ಅವಳ ಬಾಯನ್ನು ಗಪ್ಪನೆ ಮುಚ್ಚಿತು. ಅವಳು ಕಚ್ಚಿದಳು, ಹಲ್ಲು ಮಾಂಸಕ್ಕೆ ಇಳಿಯುವ ಹಾಗೆ ಕಚ್ಚಿದಳು. ಅವನು ಇನ್ನೊಂದು ಕೈಯಿಂದ ಕೆನ್ನೆಗೆ ಗುದ್ದಿದ. ನೆಲಕ್ಕೆ ಬಿದ್ದು, ಬಾಯ ತುಂಬ ಅವನ ರಕ್ತ ಇಟ್ಟುಕೊಂಡೇ ಹೇಳಿದಳು.

"'ಅಣ್ಣಾ, ಟ್ರೈಪಾಡ್ ಮುರಿಯುತ್ತೆ' ಅಂದ ಕಣೋ. ತಲೆ ಒಡೆದುಹೋಗಿತ್ತು, ಆಗ್ಲೂ ಅವನಿಗೆ ಟ್ರೈಪಾಡಿನ ಚಿಂತೆ. ಮುರಿದ್ರೆ ನೀನು ಬೈತೀಯಲ್ಲ!"

ಅಣ್ಣ ಸ್ಟೂಲು ಎತ್ತಿದ. ಅದು ಅವಳ ತಲೆಯ ಮೇಲಕ್ಕೆ ಬಂದು ಗಾಳಿಯಲ್ಲೇ ನಿಂತಿತು. ಅಂಗಡಿಯವನು ಮೂಲೆಯಲ್ಲಿ ರಕ್ತ ಉಗುಳಿ, ಫೋನಿನಲ್ಲಿ ಪೊಲೀಸರಿಗೆ ಅಂಗಡಿಯ ವಿಳಾಸ ಹೇಳತೊಡಗಿದ. ಅಣ್ಣ ಅತ್ತ ತಿರುಗಿಯೂ ನೋಡಲಿಲ್ಲ. ಸ್ಟೂಲನ್ನು ಇಳಿಸಿ ಅದರ ಮೇಲೆಯೇ ಕುಸಿದು ಕೂತ.

"ಆಮೇಲೆ?" ಎಂದ. "ಆಮೇಲೆ ಏನಂದ?"

"ಏನೂ ಅನ್ಲಿಲ್ಲ," ಎಂದಳು ಪುಟ್ಟಿ. "ನೀನು ಇನ್ನೊಂದು ಹೊಡೆದೆ."