ಗೋಡೆಯಂಥ ಮುಖ

ನಮ್ಮ ನಾರಿನ್ ಊರಿನಲ್ಲಿ ಕ್ಯಾನ್ಸರ್ ಗಡ್ಡೆಯ ಸುದ್ದಿಯನ್ನು ರೋಗಿಗೆ ಹೇಳುವುದಿಲ್ಲ. ಮನೆಯವರನ್ನು ಹೊರಗೆ ಕರೆದು ಹೇಳುತ್ತಾರೆ. ನರ್ಸಿಂಗ್ ಓದುವ ನಮ್ಮನ್ನು ಎಂಡೋಸ್ಕೋಪಿ ಕೋಣೆಯ ಕೆಲಸಕ್ಕೆ ತಯಾರು ಮಾಡುತ್ತಿದ್ದ ಹಿರಿಯ ನರ್ಸ್ ಕಲ್‌ಬುಬು ಅಕ್ಕ ಮೊದಲು ಕಲಿಸಿದ್ದೂ ಅದನ್ನೇ.

“ಬಾಯಲ್ಲಿ ಕೊಳವೆ ಇದ್ದಾಗ ರೋಗಿ ಪರದೆ ನೋಡಲ್ಲ ಕಣ್ರೇ, ನಿಮ್ಮ ಮೂತಿ ನೋಡ್ತಾನೆ. ಮುಖ ಗೋಡೆ ಥರ ಇರಲಿ. ನನಗೂ ಹೊಟ್ಟೆ ನೋಯ್ತಾನೇ ಇದೆ. ಇವತ್ತು ನನಗೇ ಹಾಕ್ತಾರೆ, ನೋಡಿ ಕಲೀರಿ.”

ಅಕ್ಕ ಎಡಮಗ್ಗುಲಾಗಿ ಮಲಗಿದರು. ಇದೂ ಒಂದು ಪಾಠವೆಂದುಕೊಂಡು ನಾನು ಅವರ ಕೈ ಹಿಡಿದು ಹಲ್ಲು ಕಿಸಿಯುತ್ತಾ ನಿಂತಿದ್ದೆ. ಡಾಕ್ಟರು ಕೊಳವೆ ಇಳಿಸಿದರು. ಪರದೆಯ ಮೇಲೆ ಹೂಕೋಸಿನಂಥ ಗಡ್ಡೆ ಕಂಡಿತು, ರಕ್ತ ಜಿನುಗುತ್ತಿತ್ತು. ಹಾಳಾದ್ದು, ಕಲಿಸಿದ ಹಾಗೇ ಮುಖವನ್ನು ಗೋಡೆ ಮಾಡಿಕೊಂಡೆ.

ಕೊಳವೆ ತೆಗೆದ ಡಾಕ್ಟರು ನೇರವಾಗಿ ಹೊರಗೆ ಕಾದಿದ್ದ ಅಕ್ಕನ ಮಗನ ಹತ್ತಿರ ಹೋದರು. ಅಕ್ಕ ಬಾಯಿ ಒರೆಸಿಕೊಂಡರು.

“ಇಷ್ಟೊತ್ತು ಹಲ್ಲು ಕಿಸೀತಿದ್ದೆ, ಒಂದೇ ಸಲ ನಿಂತುಹೋಯ್ತಲ್ಲೇ ಕತ್ತೆ,” ಅಂದರು. “ಈಗ ಮಗ ಬಂದು ನಿನಗೇನೂ ಇಲ್ಲಮ್ಮ ಅಂತ ನಗ್ತಾನೆ. ನಾನೂ ನಗ್ತೀನಿ. ನೀನು ಮಾತ್ರ ಆ ಕಡೆ ತಿರುಗಿ ನಿಂತ್ಕೋ.”